ಕಷ್ಟದಲ್ಲಿ ನಂಬಿಕೆ, ಪರಲೋಕದ ನಿರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳನ್ನು ಯಾರೂ ಆರಾಧನೆಯ ಮಧ್ಯೆ ಎದ್ದುನಿಂತು ಕೇಳುವುದಿಲ್ಲ. ಆಸ್ಪತ್ರೆಯ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಕೇಳುತ್ತಾರೆ. ಸಾವಿನ ಮನೆಯ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಾ ಕೇಳುತ್ತಾರೆ. ನಾನು ಪಾಸ್ಟರ್ ಅಲ್ಲ. ರೋಗಿಗಳನ್ನು ನೋಡಿಬರಲು ನಮ್ಮ ಸಭೆಯಿಂದ ಹೋಗುವ ನಾಲ್ಕೈದು ಜನರಲ್ಲಿ ಒಬ್ಬಳು, ಅಷ್ಟೇ. ಎಷ್ಟೋ ಸಲ ಆ ಹೊತ್ತಿಗೆ ಸರಿಯಾದ ಮಾತು ಬಾಯಿಗೆ ಬರಲಿಲ್ಲ. ಮನೆಗೆ ಬಂದು ಯೋಚಿಸಿದ್ದನ್ನು ಇಲ್ಲಿ ಬರೆದಿದ್ದೇನೆ.

ಈ ಕಷ್ಟ ನನ್ನ ಪಾಪದ ಫಲವಾ?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು. ನಮ್ಮ ಊರುಗಳಲ್ಲಿ ‘ಹಣೆಬರಹ’, ‘ಮಾಡಿದ್ದುಣ್ಣೋ ಮಾರಾಯ’ ಎನ್ನುವ ಮಾತು ಕೇಳುತ್ತಲೇ ಬೆಳೆದವರು ನಾವು. ದೀಕ್ಷಾಸ್ನಾನ ಆಯಿತು ಅಂತ ಆ ಮಾತು ತಲೆಯಿಂದ ಹೋಗುವುದಿಲ್ಲ.

ಯೇಸುವಿನ ಶಿಷ್ಯರೂ ಇದನ್ನೇ ಕೇಳಿದರು. ಹುಟ್ಟು ಕುರುಡನೊಬ್ಬನನ್ನು ನೋಡಿ, ‘ಇವನು ಪಾಪ ಮಾಡಿದನೋ, ಇವನ ಅಪ್ಪ ಅಮ್ಮ ಮಾಡಿದರೋ?’ ಅಂದರು. ಇವನೂ ಅಲ್ಲ, ಅವರೂ ಅಲ್ಲ ಎಂದನು ಯೇಸು. ಅದು ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿದೆ. ಲೂಕ 13ರಲ್ಲಿ ಇನ್ನೊಂದು ಸಂಗತಿ ಇದೆ. ಒಂದು ಗೋಪುರ ಬಿದ್ದು 18 ಜನ ಸತ್ತಿದ್ದರು. ಅವರು ಊರಿನ ಉಳಿದವರಿಗಿಂತ ಕೆಟ್ಟವರಾಗಿದ್ದರಾ ಎಂದು ಯೇಸುವೇ ಕೇಳಿ, ಇಲ್ಲ ಎಂದು ತಾನೇ ಉತ್ತರ ಕೊಟ್ಟನು.

ಹಾಗಂತ ಯಾವ ಕಷ್ಟಕ್ಕೂ ಕಾರಣವೇ ಇಲ್ಲ ಎಂದಲ್ಲ. ಕುಡಿದು ಗಾಡಿ ಓಡಿಸಿ ಬಿದ್ದರೆ ಕಾರಣ ಗೊತ್ತೇ ಇದೆ. ಆದರೆ ಕ್ಯಾನ್ಸರ್ ಬಂದವರ ಮಂಚದ ಪಕ್ಕ ನಿಂತು ಅವರ ಹಳೆಯ ಲೆಕ್ಕ ತೆಗೆಯುವ ಅಧಿಕಾರವನ್ನು ಯೇಸು ಯಾರಿಗೂ ಕೊಡಲಿಲ್ಲ.

ಹಾಗಾದರೆ ಯಾಕೆ ಬಂತು?

ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಯೋಬನ ಪುಸ್ತಕವಿದೆ. ಒಳ್ಳೆಯವನಾಗಿದ್ದೂ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡವನು ಅವನು. ಯಾಕೆ ಎಂದು ಅವನಿಗೂ ಹೇಳಲಿಲ್ಲ. ಓದುವ ನಮಗೆ ಮೊದಲ ಎರಡು ಅಧ್ಯಾಯದಲ್ಲೇ ಪರಲೋಕದಲ್ಲಿ ನಡೆದ ಮಾತುಕತೆ ಗೊತ್ತಾಗುತ್ತದೆ. ಅವನಿಗೆ 42 ಅಧ್ಯಾಯ ಮುಗಿದರೂ ಗೊತ್ತಾಗುವುದಿಲ್ಲ. 38ರಲ್ಲಿ ದೇವರು ಬಿರುಗಾಳಿಯೊಳಗಿಂದ ಮಾತಾಡುತ್ತಾನೆ, ಆದರೆ ಕಾರಣ ಹೇಳುವುದಿಲ್ಲ. ಭೂಮಿಗೆ ಅಡಿಪಾಯ ಹಾಕಿದಾಗ ನೀನೆಲ್ಲಿದ್ದಿ ಎಂದು ಕೇಳುತ್ತಾನೆ. ಮೊದಲ ಸಲ ಓದಿದಾಗ ನನಗೆ ಇದು ಬೈದ ಹಾಗೆ ಕಂಡಿತ್ತು. ಈಗ ಬೇರೆ ಥರ ಕಾಣುತ್ತದೆ. ಅಷ್ಟು ಹೊತ್ತು ಯೋಬ ಬೇಡಿದ್ದು ದೇವರೇ ಎದುರಿಗೆ ಬರಲಿ ಎಂದು. ದೇವರು ಬಂದನು.

ದೇವರ ಮೇಲೆ ಸಿಟ್ಟು ಬರುತ್ತಿದೆ. ಇದು ಪಾಪವಾ?

ಸಿಟ್ಟನ್ನು ದೇವರ ಮುಂದೆಯೇ ತೆಗೆದುಕೊಂಡು ಹೋಗಿ. ಬೇರೆಲ್ಲಿಗೆ ತೆಗೆದುಕೊಂಡು ಹೋಗುತ್ತೀರಿ?

ನಾವು ‘ಯೋಬನ ತಾಳ್ಮೆ’ ಅಂತ ಹೇಳುತ್ತೇವೆ. ಯಾಕೋಬನ ಪತ್ರಿಕೆಯಲ್ಲೂ ಆ ಮಾತಿದೆ. ಆದರೆ ಯೋಬನ ಪುಸ್ತಕದ 3ನೇ ಅಧ್ಯಾಯ ತೆಗೆದು ನೋಡಿ. ತಾನು ಹುಟ್ಟಿದ ದಿನಕ್ಕೇ ಶಾಪ ಹಾಕುತ್ತಾನೆ. ಅಲ್ಲಿಂದ ಮುಂದೆ ಬಾಯಿ ಮುಚ್ಚುವುದೇ ಇಲ್ಲ. ದೇವರು ತನ್ನನ್ನು ಗುರಿಹಲಗೆ ಮಾಡಿಕೊಂಡು ಬಾಣ ಬಿಡುತ್ತಿದ್ದಾನೆ ಎನ್ನುತ್ತಾನೆ. ಪಕ್ಕದಲ್ಲಿ ಕೂತ ಗೆಳೆಯರು ಮಾತ್ರ ದೇವರ ಪರವಾಗಿ ಬಹಳ ಸೊಗಸಾಗಿ ಮಾತಾಡುತ್ತಾರೆ. ಕೊನೆಗೆ ದೇವರು ಸಿಟ್ಟಾದದ್ದು ಯಾರ ಮೇಲೆ? ಆ ಗೆಳೆಯರ ಮೇಲೆ. ನನ್ನ ದಾಸನಾದ ಯೋಬನಂತೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಎಂದನು. ಕೂಗಾಡಿದವನನ್ನೇ ಸತ್ಯವೇದ ತಾಳ್ಮೆಯವನು ಎಂದು ಕರೆಯುತ್ತದೆ. ಯಾಕೆಂದರೆ ಕೂಗಾಡಿದರೂ ಅವನು ಎದ್ದು ಹೋಗಲಿಲ್ಲ.

ಸತ್ಯವೇದದ 150 ಕೀರ್ತನೆಗಳಲ್ಲಿ ದೊಡ್ಡ ಪಾಲು ಗೋಳಿನ ಹಾಡುಗಳೇ. ಹೆಚ್ಚಿನವು ಗೋಳಿನಿಂದ ಶುರುವಾಗಿ ಹೇಗೋ ಸ್ತೋತ್ರಕ್ಕೆ ಬಂದು ಮುಟ್ಟುತ್ತವೆ. 88ನೇ ಕೀರ್ತನೆ ಹಾಗೂ ಮಾಡುವುದಿಲ್ಲ. ಕತ್ತಲಲ್ಲಿ ಶುರುವಾಗಿ ಕತ್ತಲಲ್ಲೇ ಮುಗಿಯುತ್ತದೆ. ಅದನ್ನು ಯಾರೂ ಕಿತ್ತುಹಾಕಲಿಲ್ಲ, ಕೊನೆಗೊಂದು ಹಲ್ಲೆಲೂಯ ಸೇರಿಸಲಿಲ್ಲ.

ಪ್ರಲಾಪಗಳು ಅಂತ ಒಂದು ಸಣ್ಣ ಪುಸ್ತಕವಿದೆ, ಐದೇ ಅಧ್ಯಾಯ. ಯೆರೂಸಲೇಮ್ ಹಾಳಾದಾಗಿನ ಅಳು ಅದು. ಅದನ್ನು ಬರೆದ ಇಬ್ರಿಯ ಭಾಷೆಯಲ್ಲಿ 22 ಅಕ್ಷರ. ಮೊದಲ ನಾಲ್ಕು ಅಧ್ಯಾಯದ ವಚನಗಳು ಆ ಅಕ್ಷರಗಳ ಕ್ರಮದಲ್ಲೇ ಶುರುವಾಗುತ್ತವೆ. ನಮ್ಮಲ್ಲಿ ಅ ಆ ಇ ಈ ಅಂತ ಒಂದೊಂದು ಸ್ವರ ಹಿಡಿದು ಅತ್ತ ಹಾಗೆ. ಅನುವಾದದಲ್ಲಿ ಇದು ಕಾಣಿಸುವುದಿಲ್ಲ. ಅದನ್ನು ಬರೆದವರು ಅಳುವಿಗೂ ಒಂದು ವರ್ಣಮಾಲೆ ಕಟ್ಟಿಕೊಟ್ಟರು. ದೇವರ ಕರುಣೆ ಬೆಳಬೆಳಗ್ಗೆ ಹೊಸದು ಎಂಬ ವಚನವನ್ನು ನಾವು ಕ್ಯಾಲೆಂಡರಿನಲ್ಲಿ ಹೂವಿನ ಚಿತ್ರದ ಕೆಳಗೆ ಅಚ್ಚು ಹಾಕುತ್ತೇವೆ. ಅದು ಇರುವುದು ಈ ಅಳುವಿನ ನಟ್ಟನಡುವೆ, ಮೂರನೇ ಅಧ್ಯಾಯದಲ್ಲಿ.

ಇನ್ನು ಶಿಲುಬೆಯ ಮೇಲೆ ಯೇಸುವೇ ಕೂಗಿದ ಮಾತು: ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ?’ ಅದು 22ನೇ ಕೀರ್ತನೆಯ ಮೊದಲ ಸಾಲು. ಆ ಮಾತು ದೇವರ ಮಗನ ಬಾಯಲ್ಲಿ ಬರಬಹುದಾದರೆ ನಿಮ್ಮ ಬಾಯಲ್ಲೂ ಬರಬಹುದು.

ಇಷ್ಟು ಪ್ರಾರ್ಥಿಸಿದರೂ ಗುಣವಾಗಲಿಲ್ಲ. ನನ್ನ ನಂಬಿಕೆ ಸಾಲದೇ?

ಇದನ್ನು ಸಮಾಧಾನದಿಂದ ಬರೆಯುವುದು ನನಗೆ ಕಷ್ಟ. ಅಮ್ಮ ಹಾಸಿಗೆ ಹಿಡಿದು ಏಳು ತಿಂಗಳಾಗಿದ್ದಾಗ ಪರಿಚಯದವರೊಬ್ಬರು ಪ್ರಾರ್ಥಿಸಲು ಬಂದರು. ಹೋಗುವಾಗ ಬಾಗಿಲಲ್ಲಿ ನಿಂತು, ‘ಮನೆಯಲ್ಲಿ ಯಾರಿಗೋ ನಂಬಿಕೆ ಕಡಿಮೆ ಇದೆ, ಅದಕ್ಕೇ ತಡೆ’ ಅಂದರು. ಅಮ್ಮನಿಗೆ ಕೇಳಿಸಿತು. ಅವತ್ತು ರಾತ್ರಿ ಅವರು ನನ್ನನ್ನು ಕರೆದು, ‘ನನ್ನದೇ ಇರಬೇಕು ಕಣೇ’ ಅಂದರು. ನೋವಿನ ಮೇಲೆ ಇದೊಂದು ಹೊರೆ. ಇವತ್ತಿಗೂ ಆ ಬಾಗಿಲು ದಾಟುವಾಗ ಆ ಮಾತು ನೆನಪಾಗುತ್ತದೆ.

ಅವತ್ತು ನನಗೆ ಗೊತ್ತಿರದೇ ಇದ್ದದ್ದನ್ನು ಈಗ ಹೇಳುತ್ತೇನೆ. ಮೊದಲ ಸಭೆಗಳಿಗೆ ಪತ್ರಗಳನ್ನು ಬರೆದ ಪೌಲನಿಗೆ ಶರೀರದಲ್ಲಿ ಒಂದು ‘ಮುಳ್ಳು’ ಇತ್ತು. ತೆಗೆದುಬಿಡು ಎಂದು ಮೂರು ಸಲ ಬೇಡಿದನು. ತೆಗೆಯಲಿಲ್ಲ. ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಉತ್ತರ ಬಂತು. ಅವನ ಜೊತೆಗಾರ ತಿಮೊಥೆಯನಿಗೆ ಹೊಟ್ಟೆಯ ತೊಂದರೆ, ಆಗಾಗ ಕಾಯಿಲೆ. ಸ್ವಲ್ಪ ದ್ರಾಕ್ಷಾರಸ ತಗೋ ಎಂದು ಪೌಲ ಪತ್ರದಲ್ಲಿ ಬರೆಯುತ್ತಾನೆ. ಅಂದರೆ ಮದ್ದು ಹೇಳುತ್ತಾನೆ. ತ್ರೊಫಿಮ ಎಂಬ ಇನ್ನೊಬ್ಬನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಬರಬೇಕಾಯಿತು. ಒಂದೇ ಸಾಲು, ಕಾರಣವಿಲ್ಲ, ವಿವರಣೆಯಿಲ್ಲ. ಅದೇ ಪೌಲನ ಗೆಳೆಯ ಎಪಫ್ರೊದೀತ ಮಾತ್ರ ಸಾಯುವ ಸ್ಥಿತಿಗೆ ಹೋಗಿ ಗುಣವಾದನು. ಪ್ರಾರ್ಥಿಸಿದವರು ಅದೇ ಜನ, ನಂಬಿಕೆಯೂ ಅದೇ. ಒಬ್ಬ ಎದ್ದ, ಒಬ್ಬ ಏಳಲಿಲ್ಲ.

ಅಮೆರಿಕದ ಜೋನಿ ಎರಿಕ್ಸನ್ ಟಾಡಾ 1967ರಲ್ಲಿ, 17ನೇ ವಯಸ್ಸಿನಲ್ಲಿ, ನೀರು ಎಷ್ಟು ಆಳ ಎಂದು ತಿಳಿಯದೆ ಧುಮುಕಿದರು. ಕತ್ತು ಮುರಿಯಿತು. ಕೈಕಾಲು ಸ್ವಾಧೀನ ತಪ್ಪಿದವು. ಗುಣಪಡಿಸುವ ಕೂಟಗಳಿಗೂ ಹೋದರು. ಹೋದ ಗಾಲಿಕುರ್ಚಿಯಲ್ಲೇ ವಾಪಸ್ ಬಂದರು. ಆಮೇಲೆ ಅಂಗವಿಕಲರಿಗಾಗಿ ಒಂದು ಸಂಸ್ಥೆ ಕಟ್ಟಿದರು, ಬೇರೆ ಬೇರೆ ದೇಶಗಳಿಗೆ ಗಾಲಿಕುರ್ಚಿ ಕಳಿಸುತ್ತಾ ಬಂದರು. 2010ರಲ್ಲಿ ಅವರಿಗೆ ಸ್ತನ ಕ್ಯಾನ್ಸರ್ ಕೂಡ ಬಂತು. ಅವರ ನಂಬಿಕೆ ಸಾಲದು ಎಂದು ಹೇಳುವವರು ಮುಂದೆ ಬಂದು ಹೇಳಲಿ, ನೋಡೋಣ.

ಒಂದು ಮಾತು ಗಟ್ಟಿಯಾಗಿ: ಪ್ರಾರ್ಥಿಸಿ, ಮಾತ್ರೆ ನಿಲ್ಲಿಸಬೇಡಿ. ಸುವಾರ್ತೆ ಬರೆದ ಲೂಕನೇ ವೈದ್ಯನಾಗಿದ್ದ.

ತಾಳ್ಮೆ ಅಂದ್ರೆ ಸುಮ್ನೆ ಸಹಿಸಿಕೊಂಡು ಕೂರುವುದಾ?

ನಮ್ಮ ಭಾಷೆಯಲ್ಲೇ ಉತ್ತರ ಇದೆ. ‘ನೋವು ತಾಳಲಾರೆ’ ಎನ್ನುವಾಗ ತಾಳುವುದು ಅಂದರೆ ಸಹಿಸುವುದು. ‘ಸ್ವಲ್ಪ ತಾಳು, ಬಂದೆ’ ಎನ್ನುವಾಗ ಕಾಯುವುದು. ಒಂದೇ ಮಾತು. ಹೊಸ ಒಡಂಬಡಿಕೆಯ ಗ್ರೀಕ್ ಪದ ಹುಪೊಮೊನೆ. ಬಿಡಿಸಿದರೆ ‘ಕೆಳಗೆ ಉಳಿಯುವುದು’ ಎಂದಾಗುತ್ತದೆ, ಹೊರೆಯ ಕೆಳಗೆ ನಿಂತ ಹಾಗೆ. ಕನ್ನಡದ ಪದ ನನಗೆ ಇನ್ನೂ ಇಷ್ಟ. ಅದರಲ್ಲಿ ಯಾರೋ ಬರುತ್ತಾರೆ ಎನ್ನುವುದೂ ಸೇರಿದೆ. ಬಸ್ಸೇ ಇಲ್ಲದ ದಾರಿಯಲ್ಲಿ ಯಾರೂ ಕಾಯುವುದಿಲ್ಲ, ಅಲ್ವಾ?

‘ನಿರೀಕ್ಷೆ’ಯೂ ಹಾಗೆಯೇ. ಕನ್ನಡ ಸತ್ಯವೇದದಲ್ಲಿ ಈ ಪದ ತುಂಬ ಸಲ ಬರುತ್ತದೆ. ಅದರ ಒಳಗಿರುವ ‘ಈಕ್ಷ’ ಅಂದರೆ ನೋಡುವುದು. ದಾರಿಯ ಮೇಲೆ ಕಣ್ಣಿಟ್ಟು ಕೂರುವುದೇ ನಿರೀಕ್ಷೆ. ಎಲ್ಲ ಸರಿಹೋಗುತ್ತದೆ ಬಿಡು ಎನ್ನುವ ಹಾರಿಕೆಯ ಮಾತಿಗೂ ಇದಕ್ಕೂ ಸಂಬಂಧವಿಲ್ಲ.

ಗಂಡ ಹೊಡೆಯುತ್ತಾನೆ. ‘ಇದು ನಿನ್ನ ಶಿಲುಬೆ, ಹೊರು’ ಅನ್ನುತ್ತಾರೆ. ಹೊರಬೇಕಾ?

ಬೇಡ. ಶಿಲುಬೆ ಎಂದರೆ ಯೇಸುವನ್ನು ಹಿಂಬಾಲಿಸಿದ್ದಕ್ಕಾಗಿ ಬರುವ ಕಷ್ಟ. ಕುಡಿದು ಬಂದವನ ಏಟು ಶಿಲುಬೆಯಲ್ಲ, ಅಪರಾಧ. ಕಲ್ಲೆಸೆಯಲು ಬಂದಾಗ ಯೇಸು ತಪ್ಪಿಸಿಕೊಂಡು ಹೋದನು. ದಾವೀದ ತನ್ನನ್ನು ಕೊಲ್ಲಲು ನೋಡಿದ ಅರಸ ಸೌಲನಿಂದ ಓಡಿಹೋದನು. ಪೌಲನನ್ನು ದಮಸ್ಕದ ಗೋಡೆಯಿಂದ ಬುಟ್ಟಿಯಲ್ಲಿ ಕೆಳಗೆ ಇಳಿಸಿದರು. ಇನ್ನೊಮ್ಮೆ ಚಾಟಿಯಿಂದ ಹೊಡೆಯಲು ಕಟ್ಟಿಹಾಕಿದಾಗ, ರೋಮ್ ಪೌರನಾದ ನನ್ನನ್ನು ವಿಚಾರಣೆಯಿಲ್ಲದೆ ಹೊಡೆಯುವುದು ನ್ಯಾಯವಾ ಎಂದು ಕಾನೂನು ಕೇಳಿದನು. ನಮಗೂ 2005ರ ಕೌಟುಂಬಿಕ ಹಿಂಸೆ ತಡೆ ಕಾನೂನು ಇದೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಕ್ಷಮಿಸುವ ಮಾತನ್ನು ಆಮೇಲೆ ಆಡೋಣ. ಮೊದಲು ಸುರಕ್ಷಿತವಾದ ಕಡೆ ಹೋಗಿ.

ಪರಲೋಕದ ನಿರೀಕ್ಷೆ ಅಂದರೆ ನಿಜಕ್ಕೂ ಏನು? ಸತ್ತ ಮೇಲೆ ಮೋಡದ ಮೇಲೆ ಇರುವುದಾ?

ಮೋಡ, ರೆಕ್ಕೆ, ವೀಣೆ ಎಲ್ಲ ಹೆಚ್ಚಾಗಿ ಚಿತ್ರಗಾರರು ಕೊಟ್ಟದ್ದು. ಸತ್ಯವೇದದ ಕೊನೆಯ ಎರಡು ಅಧ್ಯಾಯ ಓದಿದರೆ ನಾವು ಮೇಲಕ್ಕೆ ಹಾರಿಹೋಗುವ ಚಿತ್ರ ಅಲ್ಲಿಲ್ಲ. ಹೊಸ ಯೆರೂಸಲೇಮ್ ಎಂಬ ಪಟ್ಟಣ ಕೆಳಗಿಳಿದು ಬರುತ್ತದೆ, ದೇವರು ಮನುಷ್ಯರ ಜೊತೆ ವಾಸಮಾಡಲು ಬರುತ್ತಾನೆ. ಹೊಸ ಆಕಾಶ, ಹೊಸ ಭೂಮಿ. ಮತ್ತೆ ಆ ಮಾತು: ಅವನೇ ಅವರ ಕಣ್ಣೀರನ್ನೆಲ್ಲ ಒರಸುವನು, ಮರಣ ಇರುವುದಿಲ್ಲ. ನನ್ನನ್ನು ಹಿಡಿದು ನಿಲ್ಲಿಸುವುದು ಆ ‘ಒರಸುವನು’ ಎನ್ನುವ ಪದ. ಒರಸಬೇಕಾದರೆ ಅಲ್ಲಿಗೆ ಹೋಗಿ ಮುಟ್ಟುವವರೆಗೂ ಕಣ್ಣೀರು ಕೆನ್ನೆಯ ಮೇಲೆ ಇರಬೇಕು. ಮೊದಲೇ ಒರಸಿಕೊಂಡು ಬಾ ಎಂದು ಯಾರೂ ಹೇಳಿಲ್ಲ.

ಇನ್ನೊಂದು ವಿಷಯ ಶರೀರದ್ದು. ಕ್ರೈಸ್ತ ನಂಬಿಕೆ ಆತ್ಮ ಉಳಿಯುತ್ತದೆ ಎನ್ನುವಲ್ಲಿಗೆ ನಿಲ್ಲುವುದಿಲ್ಲ. ಶರೀರವೂ ಎದ್ದುಬರುತ್ತದೆ ಎನ್ನುತ್ತದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಪೌಲ ಬೀಜದ ಹೋಲಿಕೆ ಕೊಡುತ್ತಾನೆ: ಬಿತ್ತುವುದು ಒಂದು ರೂಪ, ಏಳುವುದು ಇನ್ನೊಂದು. ಆದ್ದರಿಂದ ಅಮ್ಮನ ಸವೆದ ಮೈಯನ್ನು ತೊಳೆದು, ತಲೆ ಬಾಚಿ, ಸೀರೆ ಉಡಿಸಿದ್ದು ಬಿಸಾಡುವ ವಸ್ತುವಿಗೆ ಮಾಡಿದ ಉಪಚಾರವಲ್ಲ. ಎದ್ದುಬಂದ ಯೇಸುವಿನ ಕೈಯಲ್ಲಿ ಮೊಳೆಯ ಗಾಯದ ಗುರುತು ಇತ್ತು, ನಂಬದಿದ್ದ ಶಿಷ್ಯ ತೋಮನಿಗೆ ಅದನ್ನೇ ತೋರಿಸಿದನು. ಇಲ್ಲಿ ಪಟ್ಟದ್ದು ಅಲ್ಲಿ ಲೆಕ್ಕಕ್ಕೇ ಇಲ್ಲದ ಹಾಗೆ ಅಳಿಸಿಹೋಗುವುದಿಲ್ಲ ಎಂದು ನಾನು ಇದನ್ನು ಅರ್ಥಮಾಡಿಕೊಂಡಿದ್ದೇನೆ.

ಪೌಲ ನಮ್ಮ ಕಷ್ಟವನ್ನು ‘ಹಗುರ’ ಎಂದು ಕರೆಯುತ್ತಾನಲ್ಲ, ಅವನಿಗೇನು ಗೊತ್ತು?

ಆ ಮಾತು ಕೊರಿಂಥದವರಿಗೆ ಬರೆದ ಎರಡನೇ ಪತ್ರದ 4ನೇ ಅಧ್ಯಾಯದಲ್ಲಿದೆ. ಅದೇ ಪತ್ರದ 11ನೇ ಅಧ್ಯಾಯ ನೋಡಿ. ಐದು ಸಲ ಒಂದು ಕಡಿಮೆ ನಲವತ್ತು ಏಟು. ಮೂರು ಸಲ ಕೋಲಿನ ಹೊಡೆತ. ಒಂದು ಸಲ ಕಲ್ಲೆಸೆತ. ಮೂರು ಸಲ ಹಡಗು ಒಡೆಯಿತು. ಒಂದು ರಾತ್ರಿ ಒಂದು ಹಗಲು ಸಮುದ್ರದಲ್ಲಿ. ಜೀವದ ಆಸೆಯನ್ನೇ ಬಿಟ್ಟಿದ್ದೆವು ಎಂದು ಮೊದಲ ಅಧ್ಯಾಯದಲ್ಲೇ ಒಪ್ಪಿಕೊಳ್ಳುತ್ತಾನೆ. ಹಗುರ ಎಂದವನು ಈ ಮನುಷ್ಯ. ತಕ್ಕಡಿಯ ಇನ್ನೊಂದು ಕಡೆ ಏನಿದೆ ಎಂದು ನೋಡಿ ಹೇಳಿದ ಮಾತು ಅದು: ನಿತ್ಯವಾದ ಮಹಿಮೆಯ ಭಾರ. ಇಬ್ರಿಯದಲ್ಲಿ ಮಹಿಮೆ ಎನ್ನುವ ಪದವೇ ಭಾರ ಎನ್ನುವುದರಿಂದ ಬಂದದ್ದು.

ಆದರೆ ತನ್ನ ಕಷ್ಟವನ್ನು ಹಗುರ ಎನ್ನಬಹುದಾದವರು ಕಷ್ಟಪಟ್ಟವರು ಮಾತ್ರ. ಪಕ್ಕದಲ್ಲಿ ನಿಂತವರಲ್ಲ.

ಪರಲೋಕದ ಆಸೆ ತೋರಿಸಿ ಬಡವರನ್ನು ಸುಮ್ಮನಿರಿಸುವ ಮಾತಲ್ವಾ ಇದು?

ಹಾಗೆ ಬಳಸಿದವರು ಇದ್ದಾರೆ. ಗುಲಾಮರಿಗೆ ಹಾಗೆ ಬೋಧಿಸಿದ ಧಣಿಗಳೂ ಇದ್ದರು. ಅದನ್ನು ಮುಚ್ಚಿಡಬಾರದು. ಆದರೆ ಈ ನಿರೀಕ್ಷೆಯನ್ನು ನಿಜವಾಗಿ ಹಿಡಿದವರು ಸುಮ್ಮನೆ ಕೂತರಾ ಎಂದೂ ನೋಡಬೇಕು. ನನಗೆ ನೆನಪಾಗುವುದು ಪಂಡಿತಾ ರಮಾಬಾಯಿ.

ಅವರನ್ನು ಮಹಾರಾಷ್ಟ್ರದವರು ಎಂದೇ ಎಲ್ಲರೂ ತಿಳಿದಿದ್ದಾರೆ. ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಕಾಡು ಅದು. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ವಿರೋಧ ಕಟ್ಟಿಕೊಂಡು ಕಾಡಿಗೆ ಬಂದಿದ್ದರು. ಆಮೇಲೆ ಆ ಕುಟುಂಬ ಪುರಾಣ ಹೇಳುತ್ತಾ ಊರೂರು ಅಲೆಯಿತು. 1870ರ ದಶಕದ ಬರ ಅವರನ್ನು ನುಂಗಿತು. ಅಪ್ಪ ಹೋದರು, ಅಮ್ಮ ಹೋದರು, ಅಕ್ಕ ಹೋದರು. ಉಳಿದ ಅಣ್ಣನ ಜೊತೆ ರಮಾಬಾಯಿ ದೇಶದ ಉದ್ದಗಲ ನಡೆದು 1878ರಲ್ಲಿ ಕಲ್ಕತ್ತಾ ಮುಟ್ಟಿದರು. ಅಲ್ಲಿಯ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. 1880ರಲ್ಲಿ ಅಣ್ಣನೂ ತೀರಿಕೊಂಡರು. ಅದೇ ವರ್ಷ ಮದುವೆ. 1882ರಲ್ಲಿ ಗಂಡನೂ ಹೋದರು. ವಯಸ್ಸು 24 ತುಂಬಿರಲಿಲ್ಲ, ಮಡಿಲಲ್ಲಿ ಮಗಳು ಮನೋರಮಾ.

1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಅದಕ್ಕಾಗಿ ಇಲ್ಲಿ ಬೈಸಿಕೊಂಡರು. ಆದರೆ ಅಲ್ಲಿಯ ಸಭೆಯ ಹಿರಿಯರು ಹೇಳಿದ್ದಕ್ಕೆಲ್ಲ ತಲೆಯಾಡಿಸಲೂ ಇಲ್ಲ, ಎದುರು ವಾದಿಸಿದರು. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. 1896ರಲ್ಲಿ ಮತ್ತೆ ಬರ ಬಿತ್ತು. ಬರದಲ್ಲಿ ಅಪ್ಪ, ಅಮ್ಮ, ಅಕ್ಕನನ್ನು ಕಳೆದುಕೊಂಡಿದ್ದ ಈ ಹೆಂಗಸು ಬರದ ನಾಡಿಗೇ ಹೋಗಿ ನೂರಾರು ಹುಡುಗಿಯರನ್ನು ಕರೆತಂದರು. ಪುಣೆಯ ಹತ್ತಿರ ಕೇಡಗಾಂವದಲ್ಲಿ ‘ಮುಕ್ತಿ’ ಎಂಬ ಅವರ ಆಶ್ರಯಧಾಮ ಬೆಳೆಯಿತು. 1900ರ ಹೊತ್ತಿಗೆ ಅಲ್ಲಿ ಸುಮಾರು 1,500 ಜನ. ಶಾಲೆ, ಹೊಲ, ಮಗ್ಗ, ಅಚ್ಚುಕೂಟ. ಪರಲೋಕ ನಂಬಿದ ಹೆಂಗಸಿನ ದಿನಚರಿ ಇದು.

ಮಗಳು ಮನೋರಮಾ ಅಮ್ಮನ ಬಲಗೈ ಆಗಿ ದುಡಿದರು. ಕಲಬುರಗಿಯ ಶಾಲೆಯನ್ನೂ ಅವರೇ ನೋಡಿಕೊಂಡರು. 1921ರಲ್ಲಿ ಅವರು ತೀರಿಕೊಂಡರು, ಅಮ್ಮನಿಗಿಂತ ಮೊದಲು. ರಮಾಬಾಯಿ ಆಗ ಇಬ್ರಿಯ, ಗ್ರೀಕ್ ಕಲಿತು, ಓದು ಬಾರದ ಹೆಂಗಸರಿಗೂ ತಿಳಿಯುವ ಸುಲಭ ಮರಾಠಿಗೆ ಸತ್ಯವೇದ ಅನುವಾದಿಸುತ್ತಿದ್ದರು. ಮಗಳನ್ನು ಮಣ್ಣುಮಾಡಿ ಬಂದ ಮೇಲೂ ಆ ಕೆಲಸ ಮುಂದುವರಿಸಿದರು. 1922ರ ಏಪ್ರಿಲ್ 5ರಂದು ಅವರೂ ಹೋದರು.

ಅವರ ಜೀವನದಲ್ಲಿ ‘ಯಾಕೆ’ ಎಂಬುದಕ್ಕೆ ಉತ್ತರ ಸಿಕ್ಕಿತು ಎಂದು ನನಗನ್ನಿಸುವುದಿಲ್ಲ. ಕೆಲಸ ಸಿಕ್ಕಿತು.

ಬದುಕೇ ಬೇಡ ಅನ್ನಿಸುತ್ತಿದೆ. ಬೇಗ ಪರಲೋಕಕ್ಕೆ ಹೋದರೆ ಒಳ್ಳೆಯದಲ್ವಾ?

ಈಗಲೇ ಯಾರಿಗಾದರೂ ಹೇಳಿ. ಮನೆಯವರಿಗೆ, ಪಾಸ್ಟರಿಗೆ, ಡಾಕ್ಟರಿಗೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲಿ ಮಾತಾಡಬಹುದು. ಒಬ್ಬರೇ ಇರಬೇಡಿ.

ಪ್ರವಾದಿ ಎಲೀಯನಿಗೂ ಹೀಗಾಗಿತ್ತು. ಕಾಡಿನಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆ ಎಂದು ದೇವರನ್ನು ಕೇಳಿದನು. ದೇವರು ಬೈಯಲಿಲ್ಲ, ಬೋಧನೆ ಮಾಡಲಿಲ್ಲ. ನಿದ್ದೆ ಮಾಡಲು ಬಿಟ್ಟನು. ದೂತ ಬಂದು ತಟ್ಟಿ ಎಬ್ಬಿಸಿದಾಗ ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಿದನು. ಎರಡನೇ ಸಲವೂ ರೊಟ್ಟಿಯೇ ಬಂತು. ‘ನಿನಗೆ ದಾರಿ ದೂರ ಇದೆ’ ಎಂದನು ದೂತ. ಖಿನ್ನತೆ ಕಾಯಿಲೆ, ನಂಬಿಕೆಯ ಕೊರತೆಯಲ್ಲ. ಅದಕ್ಕೂ ಮದ್ದಿದೆ.

ಸತ್ತವರಿಗಾಗಿ ಎಷ್ಟು ದಿನ ಅಳಬಹುದು? ‘ಪರಲೋಕದಲ್ಲಿ ಇದ್ದಾರೆ, ಅಳಬೇಡ’ ಅನ್ನುತ್ತಾರೆ.

ಸತ್ತ ಗೆಳೆಯ ಲಾಜರನನ್ನು ಎಬ್ಬಿಸುತ್ತೇನೆ ಎಂದು ಯೇಸುವಿಗೆ ಗೊತ್ತಿತ್ತು. ಕೆಲವೇ ನಿಮಿಷದ ಮಾತು. ಆದರೂ ಸಮಾಧಿಯ ಹತ್ತಿರ ಅತ್ತನು. ಥೆಸಲೊನೀಕದವರಿಗೆ ಪೌಲ ಬರೆದದ್ದು ಅಳಬೇಡಿ ಎಂದಲ್ಲ, ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ ಎಂದು. ಬಹಳ ಜನ ಅರ್ಧ ವಾಕ್ಯ ಮಾತ್ರ ಓದುತ್ತಾರೆ.

ಮಂಗಳೂರು ಕಡೆಯ ಕಥೋಲಿಕರು ನವೆಂಬರ್ 2ಕ್ಕೆ ಸಮಾಧಿ ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತಾರೆ. ನಮ್ಮಲ್ಲಿ ಕೆಲವು ಸಭೆಗಳವರು ಈಸ್ಟರ್ ದಿನ ಕತ್ತಲಿರುವಾಗಲೇ ಸಮಾಧಿ ಭೂಮಿಗೆ ಹೋಗಿ ಹಾಡುತ್ತಾರೆ. ಚಳಿಗೆ ಶಾಲು ಹೊದ್ದು, ಇಬ್ಬನಿಯಲ್ಲಿ ಕಾಲು ತೋಯಿಸಿಕೊಂಡು, ನಮ್ಮವರು ಮಲಗಿದ ಮಣ್ಣಿನ ಮೇಲೆಯೇ ನಿಂತು ‘ಎದ್ದಿದ್ದಾನೆ’ ಎಂದು ಹಾಡುವುದು. ಹಾಡುವಾಗ ಅರ್ಧ ಜನ ಅಳುತ್ತಿರುತ್ತಾರೆ. ಸರಿಯಾದ ಆರಾಧನೆ ಅಂದ್ರೆ ಅದು.

ಕಷ್ಟದಲ್ಲಿರುವವರ ಮನೆಗೆ ಹೋದರೆ ಏನು ಹೇಳಬೇಕು?

ಕಡಿಮೆ ಹೇಳಿ. ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಮಾತಾಡದೆ ನೆಲದ ಮೇಲೆ ಅವನ ಜೊತೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ‘ದೇವರಿಗೆ ಅವರು ಬೇಕಾಗಿದ್ದರು’ ಎನ್ನಬೇಡಿ. ನಮಗೂ ಬೇಕಾಗಿದ್ದರು. ಗಂಜಿ, ಉಪ್ಪಿನಕಾಯಿ ತೆಗೆದುಕೊಂಡು ಹೋಗಿ. ರಾತ್ರಿ ಆಸ್ಪತ್ರೆಯಲ್ಲಿ ಒಬ್ಬರ ಬದಲು ನೀವು ಮಲಗಿ. ಔಷಧಿ ಅಂಗಡಿಗೆ ಓಡಿ. ಮೂರು ತಿಂಗಳಾದ ಮೇಲೆ, ಎಲ್ಲರೂ ಮರೆತಾಗ, ಇನ್ನೊಮ್ಮೆ ಹೋಗಿ.

ಪ್ರಾರ್ಥಿಸಲು ಕೂತರೆ ಮಾತೇ ಬರುವುದಿಲ್ಲ. ಏನು ಮಾಡಲಿ?

ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ ಮೂವರು ನರಳುತ್ತಾರೆ. ಸೃಷ್ಟಿ ನರಳುತ್ತದೆ, ಹೆರಿಗೆ ನೋವಿನ ಹಾಗೆ. ನಾವು ನರಳುತ್ತೇವೆ. ಹೇಗೆ ಪ್ರಾರ್ಥಿಸಬೇಕೆಂದು ನಮಗೆ ತಿಳಿಯದಿರುವಾಗ ಪವಿತ್ರಾತ್ಮನೂ ಮಾತಿಲ್ಲದ ನರಳಾಟದಿಂದ ನಮ್ಮ ಪರವಾಗಿ ಬೇಡುತ್ತಾನೆ. ಹಾಗಾಗಿ ನರಳಿದರೆ ಸಾಕು.

ಕೊನೆಕೊನೆಗೆ ಅಮ್ಮನಿಗೆ ಉದ್ದ ಪ್ರಾರ್ಥನೆ ಆಗುತ್ತಿರಲಿಲ್ಲ. ನಾನು 13ನೇ ಕೀರ್ತನೆ ಓದುತ್ತಿದ್ದೆ. ಆರೇ ವಚನ. ಮೊದಲ ಎರಡು ವಚನದಲ್ಲಿ ನಾಲ್ಕು ಸಲ ‘ಎಷ್ಟರವರೆಗೆ’ ಎಂದು ಬರುತ್ತದೆ. ಆ ಪದ ಬಂದಾಗಲೆಲ್ಲ ಅವರು ಕಣ್ಣು ಮುಚ್ಚಿಕೊಂಡೇ ನನ್ನ ಜೊತೆ ತುಟಿ ಆಡಿಸುತ್ತಿದ್ದರು.